ಒಂದೇ ಏಟಿಗೆ ಮುಗಿಯುವ ಆಟ

ಚನ್ನಪಟ್ಟಣದಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವ ನನಗೆ ಗೇಮ್ ವಿಡಿಯೊಗಳೇ ಟೈಂಪಾಸ್. ಸದ್ಯ ತಲೆಯಲ್ಲಿ ಕೂತಿರುವುದು 'ಹೆಲಿಶ್ ಕ್ವಾರ್ಟ್'. 17ನೇ ಶತಮಾನದ ಪೋಲೆಂಡ್‌ನ ಕತ್ತಿವರಸೆ. ಮಾಡಿದ್ದು ಕುಬೋಲ್ಡ್ ಎಂಬ ಪುಟ್ಟ ಸ್ಟುಡಿಯೊ. 2021ರ ಫೆಬ್ರವರಿಯಲ್ಲಿ ಅದು ಸ್ಟೀಮ್‌ಗೆ ಬಂದಾಗ ಇನ್ನೂ ಅರ್ಧ ಬೆಂದಿತ್ತು. ಆಗಿನಿಂದ ಒಂದೊಂದು ಅಪ್‌ಡೇಟ್‌ಗೂ ಕಾದಿದ್ದೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಆ ಮಾತು ಬೇರೆ! 'ಕೆಲಸ ಸಿಗಲಿ, ನೀನೇ ತಗೋ' ಅಂತಾರೆ ಅಪ್ಪ.

'ಟೆಕ್ಕನ್' ಥರದ ಆಟದಲ್ಲಿ ಬಟನ್ ಒತ್ತಿದರೆ ಮೊದಲೇ ಮಾಡಿಟ್ಟ ಒದೆ ಬೀಳುತ್ತದೆ, ಹೆಲ್ತ್ ಬಾರ್ ಇಳಿಯುತ್ತದೆ. ಇಲ್ಲಿ ಆ ಬಾರೇ ಇಲ್ಲ. ಕತ್ತಿಗೆ ಕತ್ತಿ ನಿಜವಾಗಿ ತಾಗಬೇಕು. ತಾಗದೆ ನುಗ್ಗಿದರೆ ಒಂದೇ ಏಟಿಗೆ ಕಥೆ ಮುಗಿಯಬಹುದು.

ರಜೆಯಲ್ಲಿ ಮಾಗಡಿಗೆ ಹೋದಾಗ ತಾತನಿಗೆ ತೋರಿಸಿದೆ. ಹರೆಯದಲ್ಲಿ ಗರಡಿ ಮನೆಯ ಮಣ್ಣು ಮೆತ್ತಿಕೊಂಡವರು. ಬೇರೆ ಗೇಮ್ ಕಂಡರೆ ಆಕಳಿಸುವವರು ಇದನ್ನು ಬಗ್ಗಿ ನೋಡಿದರು. 'ಅವನ ಕಾಲು ನೋಡ್ಲಾ, ಈಗ ಬೀಳ್ತಾನೆ' ಅಂದರು. ಬಿದ್ದ!

ಅದೇ ಹುಚ್ಚಿನಲ್ಲಿ ಮಿನಿ ಪ್ರಾಜೆಕ್ಟ್‌ಗೆ ಕೀಲುಗಳಿರುವ ಗೊಂಬೆಯೊಂದನ್ನು ಕೋಡ್ ಮಾಡುತ್ತಿದ್ದೇನೆ. 'ಗೇಮಾ? ಪ್ಲೇಸ್‌ಮೆಂಟ್‌ಗೆ ಏನು ಉಪಯೋಗ?' ಅಂದರು ಗೈಡ್. ನನ್ನಲ್ಲಿ ಉತ್ತರವಿರಲಿಲ್ಲ. ಗೊಂಬೆಯೂ ನಿಲ್ಲುತ್ತಿರಲಿಲ್ಲ. ಗೊಂಬೆಗಳ ಊರಿನವನಿಗೆ ಇದಕ್ಕಿಂತ ಅವಮಾನ ಬೇಕೆ? ತಾತನಿಗೆ ಫೋನ್ ಮಾಡಿದೆ.

'ಕಾಲು ಅಗಲಿಸು, ಮಂಡಿ ಬಗ್ಗಿಸು.'

ಬಗ್ಗಿಸಿದೆ. ತಳ್ಳಿದರೂ ಮೂರು ಸೆಕೆಂಡ್ ನಿಂತಿತು. ರಿವ್ಯೂ ಮುಂದಿನ ವಾರ.