ಮೂರು ರೋಗಗಳ ಸಂಗಮ

ನಂಜನಗೂಡು ತಾಲ್ಲೂಕಿನ ಸುತ್ತೂರು ಕಪಿಲಾ ನದಿಯ ದಡದಲ್ಲಿದೆ. ಅಲ್ಲಿಂದ ಮುಂದೆ ಹರಿದ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತಾಳೆ. ಕಣ್ಣಿಗೆ ಕಾಣುವ ನದಿಗಳು ಎರಡೇ ಆದರೂ, ಗುಪ್ತವಾದ ಸ್ಫಟಿಕ ಸರೋವರವೂ ಅಲ್ಲಿ ಸೇರುವುದೆಂದು ನಂಬಿ ಜನರು ಆ ಸ್ಥಳವನ್ನು ತ್ರಿವೇಣಿಯೆಂದೇ ಕರೆಯುತ್ತಾರೆ. ಮನುಷ್ಯದೇಹದಲ್ಲಿಯೂ ಇಂಥದೊಂದು ಸಂಗಮವುಂಟು. ಆದರೆ ಅದು ಪುಣ್ಯಕರವಾದುದಲ್ಲ. ಮಧುಮೇಹವನ್ನು ಮನೆಯವರೆಲ್ಲರೂ ಬಲ್ಲರು. ಹೃದಯದ ದೌರ್ಬಲ್ಯವು ಏದುಸಿರಿನ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಇವೆರಡರ ನಡುವೆ ಮೂತ್ರಪಿಂಡದ ರೋಗವು ಮಾತ್ರ ವರ್ಷಗಟ್ಟಲೆ ಗುಪ್ತಗಾಮಿನಿಯಾಗಿ ಹರಿಯುತ್ತಿರುತ್ತದೆ. ಈ ಮೂರೂ ಕೂಡಿದ ಮೇಲೆ ಚಿಕಿತ್ಸೆಯು ಕಠಿನ. ಕೂಡುವುದಕ್ಕೆ ಮುಂಚೆ ಎಚ್ಚರಗೊಳ್ಳುವುದು ಗೃಹಸ್ಥರ ಕೈಯಲ್ಲಿಯೇ ಇದೆ.

ಹೃದಯವೈಫಲ್ಯವೆಂದರೆ ಹೃದಯವು ನಿಂತುಹೋಗುವುದೆಂದು ಹಲವರು ತಿಳಿದಿದ್ದಾರೆ. ಅದು ಹಾಗಲ್ಲ. ವಿಶ್ರಾಂತಿಯಲ್ಲಿರುವಾಗಲೂ ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ತಳ್ಳಬೇಕಾದ ಹೃದಯವು ದೇಹಕ್ಕೆ ಬೇಕಾದಷ್ಟನ್ನು ತಳ್ಳಲಾರದೆ ಬಳಲುವ ಸ್ಥಿತಿಯೇ ಹೃದಯವೈಫಲ್ಯ. ಇತ್ತ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸಿ, ಬಹುಪಾಲನ್ನು ಮರಳಿ ರಕ್ತಕ್ಕೆ ಒಪ್ಪಿಸುತ್ತವೆ. ರಕ್ತದಲ್ಲಿ ಸಕ್ಕರೆಯು ದೀರ್ಘಕಾಲ ಹೆಚ್ಚಾಗಿದ್ದರೆ ಈ ಸೋಸುವ ಸೂಕ್ಷ್ಮನಾಳಗಳೂ ಹೃದಯದ ರಕ್ತನಾಳಗಳೂ ಏಕಕಾಲದಲ್ಲಿ ಕೆಡುತ್ತವೆ. ಮೂತ್ರಪಿಂಡವು ಸೋತಾಗ ಉಪ್ಪೂ ನೀರೂ ದೇಹದಲ್ಲಿ ನಿಲ್ಲುತ್ತವೆ, ರಕ್ತದೊತ್ತಡವು ಏರುತ್ತದೆ, ಹೃದಯದ ಹೊರೆ ಹೆಚ್ಚುತ್ತದೆ. ಹೃದಯವು ಸೋತಾಗ ಮೂತ್ರಪಿಂಡಕ್ಕೆ ರಕ್ತವು ಸಾಲದೆ ಅದು ಮತ್ತಷ್ಟು ಕುಗ್ಗುತ್ತದೆ. ಹೀಗೆ ಒಂದರ ಕೇಡು ಇನ್ನೊಂದಕ್ಕೆ ಬಡ್ಡಿಯಾಗಿ ಬೆಳೆಯುತ್ತದೆ.

ಇಲ್ಲಿ ಮೋಸಗೊಳಿಸುವ ಲಕ್ಷಣಗಳು ಹಲವು. ಬಹುಕಾಲ ಇಳಿಯದಿದ್ದ ಸಕ್ಕರೆಯು ಒಮ್ಮೆ ತಾನಾಗಿಯೇ ಇಳಿಯತೊಡಗಿದರೆ ಮನೆಯವರು ಸಂತೋಷಪಡುತ್ತಾರೆ. ಆದರೆ ಇನ್ಸುಲಿನ್ನನ್ನು ದೇಹದಿಂದ ಕಳೆಯುವ ಕೆಲಸದಲ್ಲಿ ಮೂತ್ರಪಿಂಡಕ್ಕೂ ದೊಡ್ಡ ಪಾಲುಂಟು. ಅದು ಕುಗ್ಗಿದಾಗ ಇನ್ಸುಲಿನ್ನೂ ಕೆಲವು ಗುಳಿಗೆಗಳೂ ಹೆಚ್ಚು ಹೊತ್ತು ದೇಹದಲ್ಲಿ ಉಳಿದು ಸಕ್ಕರೆಯನ್ನು ಇಳಿಸುತ್ತವೆ. ಗುಣವೆಂದು ಬಗೆದದ್ದು ರೋಗದ ಮುನ್ನಡೆಯೇ ಆಗಿರಬಹುದು. ಮಧುಮೇಹಿಗಳಲ್ಲಿ ನರಗಳು ಮಂದವಾಗುವುದರಿಂದ ಎದೆನೋವಿಲ್ಲದೆಯೇ ಹೃದಯಾಘಾತವಾಗುವುದೂ ಉಂಟು. ಬರಿಯ ಸುಸ್ತು, ಬೆವರು, ಉಸಿರಿನ ಕಟ್ಟು ಇಷ್ಟೇ ಸೂಚನೆ.

ಸ್ತ್ರೀಯರ ವಿಷಯದಲ್ಲಿ ವಿಶೇಷವಾದ ಎಚ್ಚರಿಕೆ ಬೇಕು. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಪಟ್ಟಣದ ಜನರನ್ನು ಬಹುವರ್ಷ ಪರಿಶೀಲಿಸಿದ ವೈದ್ಯರು 1974ರಲ್ಲಿ ಪ್ರಕಟಿಸಿದಂತೆ, ಮಧುಮೇಹವಿರುವ ಪುರುಷರಲ್ಲಿ ಹೃದಯವೈಫಲ್ಯವು ಇತರರಿಗಿಂತ ಎರಡು ಪಟ್ಟಿಗೂ ಮಿಕ್ಕು, ಸ್ತ್ರೀಯರಲ್ಲಿ ಐದು ಪಟ್ಟು ಹೆಚ್ಚಾಗಿತ್ತು. ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವ ತಾಯಿಯೇ ತನ್ನ ಕಾಲಿನ ಬಾವನ್ನು ಸೀರೆಯ ಅಂಚಿನಲ್ಲಿ ಮರೆಮಾಡುವವಳು. “ನಿಂತೂ ನಿಂತೂ ಊದಿದೆ, ನಾಳೆಗೆ ಇಳಿಯುತ್ತದೆ” ಎಂಬ ಅವಳ ಮಾತನ್ನು ಮನೆಯವರು ಸುಮ್ಮನೆ ಒಪ್ಪಕೂಡದು.

ಮನೆಯಲ್ಲಿ ನೋಡಬೇಕಾದುದು ಸುಲಭ. ಪಾದದ ಮೇಲೆ ಬೆರಳಿನಿಂದ ಒತ್ತಿದರೆ ಗುಳಿ ಉಳಿಯುವುದೆ? ಮಲಗಲು ಒಂದು ದಿಂಬು ಸಾಲದೆ ಎರಡು ಮೂರು ಬೇಕಾಗಿವೆಯೆ? ನಡುರಾತ್ರಿ ಉಸಿರುಕಟ್ಟಿ ಎದ್ದು ಕೂರುವುದುಂಟೆ? ಹೃದಯವೈಫಲ್ಯದ ರೋಗಿಯನ್ನು ಪ್ರತಿದಿನ ಬೆಳಗ್ಗೆ ಮೂತ್ರವಿಸರ್ಜನೆಯ ಅನಂತರ, ಉಪಾಹಾರಕ್ಕೆ ಮುಂಚೆ, ತೂಗಿ ಬರೆದಿಡಬೇಕು. ಒಂದೆರಡು ದಿನಗಳಲ್ಲಿ ಒಂದೂವರೆ ಕಿಲೋ, ಅಥವಾ ವಾರದಲ್ಲಿ ಎರಡು ಕಿಲೋ ಏರಿದರೆ ಅದು ಮೈಗೆ ಹತ್ತಿದ ಊಟವಲ್ಲ, ನಿಂತ ನೀರು. ಆ ದಿನವೇ ವೈದ್ಯರಿಗೆ ತಿಳಿಸಬೇಕು.

ಅಡಿಗೆಮನೆಯಲ್ಲಿ ಮೊದಲ ಶತ್ರು ಉಪ್ಪು. ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ, ಅಂದರೆ ಒಂದು ಚಹಾ ಚಮಚೆಗಿಂತ, ಕಡಿಮೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳೂ ಈ ಲೆಕ್ಕಕ್ಕೆ ಸೇರಿದವು. ಆದರೆ ಅಂಗಡಿಯ ‘ಕಡಿಮೆ ಸೋಡಿಯಂ’ ಉಪ್ಪಿನ ಮೊರೆಹೋಗಬಾರದು. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಸೋತ ಮೂತ್ರಪಿಂಡವು ಅದನ್ನು ಹೊರಹಾಕಲಾರದೆ ಹೃದಯದ ಬಡಿತವೇ ತಪ್ಪಬಹುದು. ಇದೇ ಕಾರಣದಿಂದ ಎಳನೀರೂ, ನಂಜನಗೂಡಿಗೆ ಹೆಸರು ತಂದ ರಸಬಾಳೆಯೂ ಕೆಲವು ರೋಗಿಗಳಿಗೆ ಸಲ್ಲವು. ರಕ್ತಪರೀಕ್ಷೆಯನ್ನು ನೋಡಿ ವೈದ್ಯರೇ ಅಳತೆಯನ್ನು ಹೇಳಬೇಕು. ಮಂಡಿನೋವಿಗೆಂದು ಕೇಳದೆಯೇ ನುಂಗುವ ನೋವಿನ ಗುಳಿಗೆಗಳಲ್ಲಿ ಹಲವು ಮೂತ್ರಪಿಂಡವನ್ನೂ ಹೃದಯವನ್ನೂ ಒಟ್ಟಿಗೆ ಕೆಡಿಸುವಂಥವು.

ಇನ್ನು ಆಶಾದಾಯಕವಾದ ಸಂಗತಿ. 1835ರಲ್ಲಿ ಯೂರೋಪಿನ ರಸಾಯನಜ್ಞರು ಸೇಬಿನ ಮರದ ಬೇರಿನ ತೊಗಟೆಯಿಂದ ಫ್ಲೋರಿಜಿನ್ ಎಂಬ ಕಹಿವಸ್ತುವನ್ನು ತೆಗೆದರು. ಅದು ಸಕ್ಕರೆಯನ್ನು ಮೂತ್ರದೊಡನೆ ಹೊರಕ್ಕೆ ಕಳುಹಿಸುವುದೆಂಬುದು ಅನಂತರ ತಿಳಿಯಿತು. ಆ ಜಾಡಿನಲ್ಲಿ ಹುಟ್ಟಿದ ಡಾಪಾಗ್ಲಿಫ್ಲೋಜಿನ್ ಹೃದಯವೈಫಲ್ಯದವರಿಗೆ ಹಿತವೆಂದು 2019ರಲ್ಲಿಯೂ, ಮೂತ್ರಪಿಂಡರೋಗದವರಿಗೆ ಹಿತವೆಂದು 2020ರಲ್ಲಿಯೂ ಪ್ರಕಟವಾದ ಪರೀಕ್ಷೆಗಳಿಂದ ಸಿದ್ಧವಾಯಿತು. ಮೂರು ರೋಗಗಳಿಗೂ ಒದಗುವ ಒಂದೇ ಗುಳಿಗೆ! ಭಾರತದಲ್ಲಿ 2020ರಲ್ಲಿ ಅದರ ಪೇಟೆಂಟು ಮುಗಿದ ಬಳಿಕ ಬೆಲೆಯೂ ಇಳಿಯಿತು. ಆದರೆ ಇದು ಎಲ್ಲರಿಗೂ ಒಗ್ಗುವುದಿಲ್ಲ. ವಾಂತಿಭೇದಿಯ ದಿನಗಳಲ್ಲಿಯೂ, ಶಿವರಾತ್ರಿ ಏಕಾದಶಿಗಳ ನಿರಾಹಾರದ ಉಪವಾಸದಲ್ಲಿಯೂ ಅಪಾಯಕ್ಕೆಡೆಯಾಗಬಹುದಾದುದರಿಂದ ವೈದ್ಯರನ್ನು ಮೊದಲೇ ಕೇಳಿಕೊಂಡಿರಬೇಕು.

ಮಧುಮೇಹವುಳ್ಳವರು ವರ್ಷಕ್ಕೊಮ್ಮೆಯಾದರೂ ಎರಡು ಪರೀಕ್ಷೆಗಳನ್ನು ಮಾಡಿಸಲಿ: ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್. ಮೂತ್ರಪಿಂಡದ ಶಕ್ತಿಯು ಬಹಳಷ್ಟು ಕುಂದುವವರೆಗೂ ನೋವಿಲ್ಲ, ಉರಿಯಿಲ್ಲ. ಈ ಗುಪ್ತಗಾಮಿನಿಯನ್ನು ಹೊರಗೆ ತೋರಿಸುವವು ಇವೆರಡೇ. ಸುತ್ತೂರಿನ ಸುತ್ತಣ ಗ್ರಾಮಸ್ಥರಿಗೆ ಮೈಸೂರಿನಲ್ಲಿ ಜೆ.ಎಸ್.ಎಸ್. ಆಸ್ಪತ್ರೆಯೂ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯೂ ಇವೆ. ಆದರೆ ಉಸಿರು ಕಟ್ಟಿದ ರಾತ್ರಿಯಲ್ಲಿ ಬಂಡಿಯನ್ನು ಹುಡುಕಿಕೊಂಡು ಹೊರಡುವುದಕ್ಕಿಂತ, ಬಿಡುವಿನ ಒಂದು ಬೆಳಗ್ಗೆ ಪರೀಕ್ಷೆಗೆ ಹೋಗಿಬರುವುದು ಎಷ್ಟೋ ಮೇಲು. ಈ ವಾರವೇ ನಮ್ಮ ವಾಚಕರು ತಮ್ಮ ಮನೆಯ ಹಿರಿಯರ ಪಾದಗಳನ್ನು ಮುಟ್ಟಿ ನೋಡಲಿ. ನಮಸ್ಕಾರಕ್ಕೆಂದು ಬಾಗಿದಾಗಲೇ ಈ ಕೆಲಸವೂ ಆದೀತು.