ಹಿಮಗುಬ್ಬಿ (ಮಾಂಟಿಫ್ರಿಂಜಿಲ್ಲ)

ಮಾಂಟಿಫ್ರಿಂಜಿಲ್ಲ ಎಂಬುದು ಗುಬ್ಬಚ್ಚಿಗಳ ಕುಟುಂಬವಾದ ಪ್ಯಾಸರಿಡೇಗೆ ಸೇರಿದ ಪುಟ್ಟ ಪರ್ವತವಾಸಿ ಹಕ್ಕಿಗಳ ಒಂದು ಕುಲ. ಇಂಗ್ಲಿಷಿನಲ್ಲಿ ಇವನ್ನು ಸ್ನೋಫಿಂಚ್ ಎನ್ನುತ್ತಾರೆ. ಕನ್ನಡದಲ್ಲಿ ಹಿಮಗುಬ್ಬಿ ಎನ್ನಬಹುದು. ಸ್ಪೇನಿನ ಪರ್ವತಗಳಿಂದ ಟಿಬೆಟ್ ಪ್ರಸ್ಥಭೂಮಿಯವರೆಗೆ, ಮರಗಳು ಬೆಳೆಯಲಾರದಷ್ಟು ಎತ್ತರದ ಹುಲ್ಲುಗಾವಲು ಮತ್ತು ಬಂಡೆಗಳ ನಡುವೆ ಇವು ವಾಸಿಸುತ್ತವೆ.

ಹೆಸರು ಮತ್ತು ವರ್ಗೀಕರಣ

ಲ್ಯಾಟಿನ್ ಹೆಸರಿನ ಅರ್ಥ 'ಬೆಟ್ಟದ ಫಿಂಚ್'. ಈ ಹೆಸರು ದಾರಿ ತಪ್ಪಿಸುವಂಥದು. 1766ರಲ್ಲಿ ಲಿನೇಯಸ್ ಬಿಳಿರೆಕ್ಕೆಯ ಹಿಮಗುಬ್ಬಿಯನ್ನು ಫಿಂಚ್‌ಗಳ ಕುಲದಲ್ಲಿಯೇ ಸೇರಿಸಿದ್ದನು. 1828ರಲ್ಲಿ ಜರ್ಮನಿಯ ಪಕ್ಷಿತಜ್ಞ ಬ್ರೆಮ್ ಪ್ರತ್ಯೇಕ ಕುಲವನ್ನು ಸ್ಥಾಪಿಸಿದನಾದರೂ ಹೆಸರಿನಲ್ಲಿ ಫಿಂಚ್ ಉಳಿದುಕೊಂಡಿತು. ಗುಬ್ಬಚ್ಚಿ ಕುಟುಂಬದ ಹಕ್ಕಿಗಳ ನಾಲಿಗೆಯಲ್ಲಿ ಒಂದು ಹೆಚ್ಚುವರಿ ಮೂಳೆಯಿದ್ದು, ಕಾಳನ್ನು ಒಡೆಯುವಾಗ ನಾಲಿಗೆಗೆ ಬಿಗುವು ಕೊಡುತ್ತದೆ. ಫಿಂಚ್‌ಗಳಲ್ಲಿ ಇದಿಲ್ಲ.

ಈಗ ಈ ಕುಲದಲ್ಲಿ ಮೂರು ಪ್ರಭೇದಗಳನ್ನು ಎಣಿಸುತ್ತಾರೆ: ಬಿಳಿರೆಕ್ಕೆಯ, ಕಪ್ಪುರೆಕ್ಕೆಯ ಮತ್ತು ಹೆನ್ರಿಯ ಹಿಮಗುಬ್ಬಿಗಳು. ಹಿಂದೆ ಇದರಲ್ಲಿಯೇ ಇದ್ದ ಇನ್ನೂ ಐದು ಹಕ್ಕಿಗಳನ್ನು ಪಿರ್ಗಿಲಾಡ ಮತ್ತು ಓನಿಕೋಸ್ಟ್ರೂಥಸ್ ಕುಲಗಳಿಗೆ ಬೇರ್ಪಡಿಸಲಾಗಿದೆ. ಕಪ್ಪುರೆಕ್ಕೆಯದು ಭಾರತದ ಲಡಾಖಿನಲ್ಲಿಯೂ ಕಾಣಸಿಗುತ್ತದೆ.

ಸ್ವರೂಪ ಮತ್ತು ಜೀವನ

ಬಿಳಿರೆಕ್ಕೆಯ ಹಿಮಗುಬ್ಬಿ ಸುಮಾರು 17 ಸೆಂ.ಮೀ. ಉದ್ದವಿದ್ದು, ಮನೆಗುಬ್ಬಿಗಿಂತ ದೊಡ್ಡದು. ತಲೆ ಬೂದು, ಬೆನ್ನು ಕಂದು. ಕುಳಿತಾಗ ಇದು ಸಾಧಾರಣವಾಗಿಯೇ ಕಾಣುತ್ತದೆ. ಹಾರಿದೊಡನೆ ರೆಕ್ಕೆಯ ಅಗಲವಾದ ಬಿಳಿಯ ಪಟ್ಟೆ ಹೊಳೆಯುತ್ತದೆ. ಮರಿಮಾಡುವ ಕಾಲದಲ್ಲಿ ಗಂಡಿನ ಕೊಕ್ಕು ಕಪ್ಪಾಗಿದ್ದು, ಚಳಿಗಾಲದಲ್ಲಿ ಹಳದಿಗೆ ತಿರುಗುತ್ತದೆ.

ಮರವಿಲ್ಲದ ಸೀಮೆಯಲ್ಲಿ ಗೂಡಿಗೆ ಸಿದ್ಧವಾದ ಪೊಟರೆ ಬೇಕು. ಆಲ್ಪ್ಸ್‌ನಲ್ಲಿ ಇವು ಬಂಡೆಯ ಬಿರುಕುಗಳಲ್ಲಿ, ಕೆಲವೊಮ್ಮೆ ಕಟ್ಟಡಗಳಲ್ಲಿ ಮತ್ತು ಸ್ಕೀ ಲಿಫ್ಟಿನ ಕಂಬಗಳಲ್ಲಿ ಗೂಡು ಕಟ್ಟುತ್ತವೆ. ಟಿಬೆಟ್ ಪ್ರಸ್ಥಭೂಮಿಯಲ್ಲಿ ಹಿಮಗುಬ್ಬಿಗಳೂ ಅವುಗಳ ಹತ್ತಿರದ ಬಂಧುಗಳೂ ಪೈಕಾ ತೋಡಿದ ಬಿಲಗಳನ್ನು ಆಶ್ರಯಿಸುತ್ತವೆ. ಪೈಕಾ ನೋಟಕ್ಕೆ ಇಲಿಯಂತಿದ್ದರೂ ಮೊಲದ ಬಳಗದ ಪ್ರಾಣಿ. ಜಾನುವಾರುಗಳ ಮೇವನ್ನು ತಿನ್ನುತ್ತದೆಂಬ ಕಾರಣಕ್ಕೆ ಚೀನಾದಲ್ಲಿ ದಶಕಗಳ ಕಾಲ ಇದಕ್ಕೆ ವಿಷವಿಕ್ಕಲಾಯಿತು. ಪೈಕಾ ಅಳಿದ ಕಡೆ ಬಿಲಗಳು ಕುಸಿದು ಮುಚ್ಚಿದವು. ಅಲ್ಲಿ ಹಿಮಗುಬ್ಬಿಗಳ ಸಂಖ್ಯೆಯೂ ತಗ್ಗಿದುದನ್ನು ಅಧ್ಯಯನಕಾರರು ಕಂಡಿದ್ದಾರೆ. ವಿಷವಿಟ್ಟುದು ಪೈಕಾಕ್ಕೆ, ಮನೆ ಕಳೆದುಕೊಂಡುದು ಹಕ್ಕಿ.

ದೊಡ್ಡ ಹಕ್ಕಿಗಳು ಕಾಳುಗಳನ್ನೂ ಕೀಟಗಳನ್ನೂ ತಿನ್ನುತ್ತವೆ. ಮರಿಗಳಿಗೆ ಮಾತ್ರ ಕೀಟಗಳೇ ಮುಖ್ಯ ಆಹಾರ. ಆಲ್ಪ್ಸ್‌ನಲ್ಲಿ ತಾಯಿತಂದೆ ಹಕ್ಕಿಗಳು ಕರಗುತ್ತಿರುವ ಹಿಮದ ಅಂಚಿನ ತೇವದ ನೆಲವನ್ನು ಕೆದಕಿ, ಉದ್ದಕಾಲಿನ ಕ್ರೇನ್ ನೊಣದ ಮರಿಹುಳುಗಳನ್ನು ಹೆಕ್ಕಿ ತರುತ್ತವೆ. ಹವಾಮಾನದ ಬಿಸಿಯೇರಿಕೆಯಿಂದ ಹಿಮವು ಬೇಗನೆ ಕರಗಿಹೋದರೆ, ಮರಿಗಳು ಬಾಯಿ ತೆರೆಯುವ ಹೊತ್ತಿಗೆ ಆ ತೇವದ ಅಂಚು ಗೂಡಿನ ಸಮೀಪದಲ್ಲಿ ಉಳಿದಿರುವುದಿಲ್ಲ.