ಮಾಗಡಿ ರಸ್ತೆಯಾಚೆ, ಒಡೆದ ಮೂಸೆಗಳು

ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಕೈಗೆ ಸಿಗುವ ಮೂಸೆಯ, ಅಂದರೆ ಲೋಹ ಕರಗಿಸುವ ಮಣ್ಣಿನ ಪಾತ್ರೆಯ, ಚೂರು ನೋಡಲು ಏನೂ ಚೆಲುವಿಲ್ಲ. ಕರ್ರಗಿದೆ, ಒರಟಾಗಿದೆ, ಒಂದು ಮಗ್ಗುಲಲ್ಲಿ ಮಾತ್ರ ಗಾಜು ಸುರಿದಂತೆ ಹೊಳೆಯುತ್ತದೆ. ಚಿನ್ನ ಹುಡುಕುವವರು ಅದನ್ನು ಎಡವಿ ಮುಂದೆ ಹೋಗುತ್ತಾರೆ. ಆದರೆ ಈ ಚೂರು ಒಂದು ಯಂತ್ರದ ತುಂಡು. ಮಣ್ಣು, ಭತ್ತದ ಹೊಟ್ಟು, ಇದ್ದಿಲು, ಚರ್ಮದ ತಿದಿ ಇಷ್ಟರಿಂದಲೇ ಕಬ್ಬಿಣವನ್ನು ನೀರಾಗಿಸಿ ಉಕ್ಕು ಮಾಡುತ್ತಿದ್ದ ಯಂತ್ರವದು. ಅದನ್ನು ನಡೆಸುತ್ತಿದ್ದವರು ಕೈಪಿಡಿ ಬರೆದಿಡಲಿಲ್ಲ. ಕಸವನ್ನು ಬಿಟ್ಟು ಹೋದರು. ನನಗೆ ಆ ಕಸವೇ ಹೆಚ್ಚು ನಂಬಿಕೆಯ ದಾಖಲೆ ಅನಿಸುತ್ತದೆ.

ಇಂಥ ಕಸ ಅರಮನೆಯ ಅಂಗಳದಲ್ಲಿ ಸಿಗುವುದಿಲ್ಲ, ಊರಂಚಿನಲ್ಲಿ ಸಿಗುತ್ತದೆ. ಮೆಸೊಪೊಟೇಮಿಯಾದ ‘ಉರ್’ ನಗರವನ್ನು ಲಿಯೊನಾರ್ಡ್ ವೂಲಿ 1922ರಿಂದ 1934ರವರೆಗೆ ಅಗೆದಾಗ ಜಗತ್ತು ಬೆರಗಾಗಿದ್ದು ರಾಜಸಮಾಧಿಗಳ ಚಿನ್ನಕ್ಕೆ. ಅದೇ ನಗರದ ಈಶಾನ್ಯಕ್ಕೆ ಸುಮಾರು ಎರಡು ಕಿಲೋಮೀಟರ್ ದೂರದಲ್ಲಿ, ಕಾಲುವೆಯ ಪಕ್ಕ, ದಿಕ್ದಿಕ್ಕಾ ಎಂಬ ಹೊರವಲಯವಿತ್ತು. ಅಲ್ಲಿ ಸಿಕ್ಕವು ಸುಟ್ಟ ಮಣ್ಣಿನ ಬೊಂಬೆಗಳು ಮತ್ತು ಆ ಬೊಂಬೆಗಳನ್ನು ಒತ್ತಿ ತೆಗೆಯುವ ಅಚ್ಚುಗಳು. ಬೊಂಬೆ ಎಲ್ಲಿಗಾದರೂ ಮಾರಾಟವಾಗಿ ಹೋಗುತ್ತದೆ. ಅಚ್ಚು ಹಾಗಲ್ಲ, ಅದು ಕೆಲಸ ನಡೆದ ಕಡೆಯೇ ಉಳಿಯುತ್ತದೆ. ಹಾಗಾಗಿ ಅಚ್ಚು ಸಿಕ್ಕಿದ ಜಾಗ ಕಾರ್ಖಾನೆಯ ಜಾಗ. ಬೆಂಕಿ, ಹೊಗೆ, ಸೌದೆ, ಜೇಡಿಮಣ್ಣು, ನೀರು, ಸರಕು ಸಾಗಿಸುವ ದಾರಿ, ಇವೆಲ್ಲ ಒಟ್ಟಿಗೆ ಬೇಕಾದ ಕಸುಬುಗಳು ನಾಲ್ಕು ಸಾವಿರ ವರ್ಷಗಳ ಹಿಂದೆಯೂ ನಗರದ ಅಂಚನ್ನೇ ಹುಡುಕಿಕೊಂಡವು.

ಬೆಂಗಳೂರಿನ ಪಶ್ಚಿಮದಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. 1949ರಲ್ಲಿ ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ಶುರುವಾದ ರಾಜಾಜಿನಗರದ ಒಂದು ಭಾಗವನ್ನು ಇಂದಿಗೂ ‘ಇಂಡಸ್ಟ್ರಿಯಲ್ ಟೌನ್’ ಎಂದೇ ಕರೆಯುತ್ತೇವೆ. ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆಯ ಓಣಿಗಳಲ್ಲಿ ಲೇತ್ ಮಷೀನು, ಎರಕದ ಶೆಡ್ಡು, ಡೈ ಮಾಡುವವರು ಇದ್ದಾರೆ. ಅಲ್ಯೂಮಿನಿಯಂ ಎರಕ ಹೊಯ್ಯುವವರ ಕುಲುಮೆಯಲ್ಲಿ ಇಂದಿಗೂ ಮೂಸೆ ಕೂತಿರುತ್ತದೆ, ಗ್ರಾಫೈಟಿನದು. ಅದೇ ಮಾಗಡಿ ರಸ್ತೆಯಲ್ಲಿ ಹಾಗೆಯೇ ಪಶ್ಚಿಮಕ್ಕೆ ಸಾಗಿದರೆ ಹಳೆಯ ಕಬ್ಬಿಣದ ಸೀಮೆಗೆ ಬರುತ್ತೇವೆ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಈ ಕಡೆ ಸುತ್ತಾಡಿದ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕನನ್ ಮಾಗಡಿ ಸೀಮೆಯ ಕಬ್ಬಿಣದ ಕುಲುಮೆಗಳನ್ನು ಕಂಡು ವಿವರವಾಗಿ ಬರೆದುಕೊಂಡ. ಮಳೆಗಾಲದಲ್ಲಿ ಹಳ್ಳಗಳು ಕೊಚ್ಚಿ ತರುವ ಕಪ್ಪು ಮರಳನ್ನು ತೊಳೆದು, ಇದ್ದಿಲ ಜೊತೆ ಕಾಯಿಸಿ, ಕಬ್ಬಿಣ ತೆಗೆಯುತ್ತಿದ್ದರು.

ಆ ಕಬ್ಬಿಣ ಕುಲುಮೆಯಲ್ಲಿ ಕರಗುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು, ಹಳ್ಳಿಯ ಕುಲುಮೆಗೆ ಅಷ್ಟು ಕಾವು ಎಟುಕದು. ಅದಿರಿನಿಂದ ಆಮ್ಲಜನಕ ಕಳಚಿಕೊಂಡು, ಅದಿರಿನ ಕಲ್ಮಶವಾದ ಕಿಟ್ಟ ಕರಗಿ ಹರಿದು, ತೂತುತೂತಾದ ಮೆತ್ತನೆಯ ಮುದ್ದೆಯೊಂದು ಉಳಿಯುತ್ತದೆ. ಅದನ್ನು ಕಾಯಿಸಿ ಬಡಿದು, ಮತ್ತೆ ಕಾಯಿಸಿ ಬಡಿದು, ಒಳಗಿನ ಕಿಟ್ಟವನ್ನು ಹೊರಹಾಕುತ್ತಾರೆ. ಎಷ್ಟು ಬಡಿದರೂ ಕಿಟ್ಟದ ಎಳೆಗಳು ಒಳಗೆ ಉಳಿದೇ ಉಳಿಯುತ್ತವೆ. ಗುದ್ದಲಿಗೆ, ನೇಗಿಲ ಕುಳಕ್ಕೆ ಅದು ಸಾಕು. ಕಲ್ಲುಕುಟಿಗನ ಉಳಿಗೆ ಸಾಲದು.

ಮೂಸೆ ಬೇಕಾದದ್ದು ಇಲ್ಲಿ. ಮೈಸೂರು ಸೀಮೆಯ ಕ್ರಮವನ್ನು ಬುಕನನ್ ಕಂಡಂತೆ ಹೇಳುವುದಾದರೆ: ಹಸಿ ಜೇಡಿಯಲ್ಲಿ ಶಂಕುವಿನಾಕಾರದ ಪುಟ್ಟ ಮೂಸೆ ಮಾಡಿ, ಅದರೊಳಗೆ ಬಡಿದ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಬಳ್ಳಿಯೊಂದರ ಹಸಿರೆಲೆ ಹಾಕಿ, ಮಣ್ಣಿನ ಮುಚ್ಚಳವಿಟ್ಟು ಸಂದು ಬಿಡದಂತೆ ಮೆತ್ತುತ್ತಿದ್ದರು. ಇಂಥ ಹಲವು ಮೂಸೆಗಳನ್ನು ಕುಲುಮೆಯಲ್ಲಿ ಒತ್ತೊತ್ತಾಗಿ ಜೋಡಿಸಿ, ಇದ್ದಿಲು ಸುರಿದು, ತಿದಿ ಒತ್ತುತ್ತಾ ಗಂಟೆಗಟ್ಟಲೆ ಕಾಯಿಸಬೇಕು. ಎಲೆಯೂ ಕಡ್ಡಿಯೂ ಸುಟ್ಟು ಇಂಗಾಲವಾಗುತ್ತವೆ. ಮುಚ್ಚಿದ ಮೂಸೆಯೊಳಗೆ ಗಾಳಿಯಿಲ್ಲದ್ದರಿಂದ ಆ ಇಂಗಾಲ ಉರಿದು ಹೋಗದೆ ಕಬ್ಬಿಣದೊಳಕ್ಕೆ ಇಳಿಯುತ್ತದೆ. ಇಂಗಾಲ ಸೇರಿದಂತೆಲ್ಲ ಕಬ್ಬಿಣದ ಕರಗುವ ಬಿಂದು ಕೆಳಗಿಳಿಯುತ್ತದೆ. ಶೇ. 1.5ರ ಆಸುಪಾಸು ಇಂಗಾಲ ಬೆರೆತರೆ ಸುಮಾರು 1400 ಡಿಗ್ರಿಗೆ ಅದು ನೀರಾಗುತ್ತದೆ. ಅಂದರೆ ಕುಲುಮೆಯ ಕಾವನ್ನು ಕಬ್ಬಿಣದ ಮಟ್ಟಕ್ಕೆ ಏರಿಸಲಿಲ್ಲ, ಕಬ್ಬಿಣವನ್ನೇ ಕುಲುಮೆಯ ಕಾವಿನ ಮಟ್ಟಕ್ಕೆ ಇಳಿಸಿದರು. ಎಷ್ಟು ಸಲ ಯೋಚಿಸಿದರೂ ಈ ಬುದ್ಧಿಗೆ ನನ್ನ ಬೆರಗು ಕಡಿಮೆಯಾಗಿಲ್ಲ. ಕರಗಿದ ಮೇಲೆ ಕಿಟ್ಟ ಹಗುರವಾಗಿ ಮೇಲೆ ತೇಲುತ್ತದೆ, ತಳದಲ್ಲಿ ಕಲ್ಮಶವಿಲ್ಲದ ಉಕ್ಕು ಗಟ್ಟಿಯಾಗುತ್ತದೆ. ಸುತ್ತಿಗೆ ಪೆಟ್ಟಿಗೆ ಬಗ್ಗದ ಕಿಟ್ಟವನ್ನು ತೂಕದ ವ್ಯತ್ಯಾಸ ಬೇರ್ಪಡಿಸಿಬಿಡುತ್ತದೆ.

ಹಾಗಾದರೆ 1400 ಡಿಗ್ರಿಯ ಕಾವಿನಲ್ಲಿ ಹಸಿ ಮಣ್ಣಿನ ಮೂಸೆ ಕುಸಿಯದೆ ನಿಂತದ್ದು ಹೇಗೆ? ಕುಂಬಾರನ ಸಾಮಾನ್ಯ ಮಡಕೆ ಆ ಕಾವಿಗೆ ಕರಗಿ ಜೋತುಬೀಳುತ್ತದೆ. ಉತ್ತರ ಚೂರಿನೊಳಗೇ ಇದೆ. ಘಟ್ಟಿಹೊಸಹಳ್ಳಿಯ ಮೂಸೆಗಳನ್ನು ಭೂವಿಜ್ಞಾನಿ, ಕನ್ನಡದ ವಿಜ್ಞಾನ ಲೇಖಕ ಟಿ.ಆರ್. ಅನಂತರಾಮು ಅವರು ಬ್ರಿಟಿಷ್ ಮ್ಯೂಸಿಯಂನ ಪಾಲ್ ಕ್ರಾಡಕ್ ಮೊದಲಾದವರ ಜೊತೆಗೂಡಿ ಪರಿಶೀಲಿಸಿ, 1999ರಲ್ಲಿ ಪ್ರಬಂಧ ಪ್ರಕಟಿಸಿದರು. ದಕ್ಷಿಣದ ಇಂಥ ಮೂಸೆಗಳ ಮೈ ಕಪ್ಪಾಗಿರಲು ಕಾರಣ ಜೇಡಿಯಲ್ಲಿ ಕಲಸಿದ ಭತ್ತದ ಹೊಟ್ಟು. ಗಾಳಿಯಾಡದೆ ಸುಟ್ಟ ಹೊಟ್ಟು ಇದ್ದಿಲಾಗಿ ಮಣ್ಣಿನೊಳಗೇ ಉಳಿಯುತ್ತದೆ, ಸೂಕ್ಷ್ಮದರ್ಶಕದಲ್ಲಿ ಅದರ ಆಕಾರ ಈಗಲೂ ಕಾಣುತ್ತದೆ. ಹೊಟ್ಟನ್ನು ಸುಟ್ಟರೆ ಸಿಗುವ ಬೂದಿಯ ಬಹುಪಾಲು ಸಿಲಿಕಾ. ಅದು ಜೇಡಿಯ ಅಲ್ಯೂಮಿನಾ ಜೊತೆ ಸೇರಿ, ಕಾವಿಗೆ ಬಾಗದ ಸೂಜಿಯಂಥ ಹರಳುಗಳ ಬಲೆಯನ್ನು ಹೆಣೆಯುತ್ತದೆ. ಹೊಟ್ಟು ಬಿಟ್ಟ ಸಣ್ಣ ಸಣ್ಣ ಪೊಳ್ಳುಗಳು ಬಿರುಕನ್ನು ಮುಂದಕ್ಕೆ ಹರಿಯಲು ಬಿಡುವುದಿಲ್ಲ. ಭತ್ತ ಕುಟ್ಟಿದ ಮೇಲೆ ಬಿಸಾಡುವ ವಸ್ತುವಿನಲ್ಲಿ ಇಷ್ಟು ಕೆಲಸವಿದೆಯೆಂದು ಯಾರು, ಯಾವ ಕುಲುಮೆಯ ಮುಂದೆ ಕಂಡುಕೊಂಡರೋ!

ಚೂರಿನ ಹೊರಮೈಯ ಗಾಜು ಹೊಳಪು ಬಳಿದದ್ದಲ್ಲ. ಇದ್ದಿಲ ಬೂದಿಯಲ್ಲಿರುವ ಪೊಟ್ಯಾಶ್ ಮಣ್ಣಿನ ಮೇಲ್ಮೈಯನ್ನು ಕರಗಿಸಿ ಮಾಡಿದ್ದು ಅದು. ಮೂಸೆಗೆ ಎಷ್ಟು ಕಾವು ಸಿಕ್ಕಿತೆಂದು ಅದರಿಂದ ಅಳೆಯಬಹುದು. ಒಳಮೈಯಲ್ಲಿ ಸಾಸಿವೆಗಿಂತ ಚಿಕ್ಕ ಉಕ್ಕಿನ ಹನಿಗಳು ಅಂಟಿಕೊಂಡಿರುತ್ತವೆ. ಒಂದು ಹನಿಯನ್ನು ಉಜ್ಜಿ ನುಣುಪು ಮಾಡಿ, ಆಮ್ಲ ಸವರಿ ನೋಡಿದರೆ ಇಂಗಾಲದ ಪ್ರಮಾಣ ಗೊತ್ತಾಗುತ್ತದೆ. ಮೂಸೆಯ ಗೋಡೆಯಲ್ಲಿ ಅಡ್ಡಲಾಗಿ ಉಬ್ಬಿದ ಏಣೊಂದಿದ್ದರೆ ಅದು ದ್ರವದ ಮಟ್ಟ. ಅಲ್ಲಿಂದ ತಳದವರೆಗಿನ ಅಳತೆ ಹಿಡಿದರೆ ಉಕ್ಕಿನ ಗಟ್ಟಿ ಎಷ್ಟು ದೊಡ್ಡದಿತ್ತೆಂದು ಲೆಕ್ಕ ಹಾಕಬಹುದು. ಗಟ್ಟಿ ಸಿಗದಿದ್ದರೂ ಪರವಾಗಿಲ್ಲ. ಅದು ಎಂದೋ ಖಡ್ಗವಾಗಿ, ಉಳಿಯಾಗಿ ದೇಶಾಂತರ ಹೋಗಿರುತ್ತದೆ.

ಈ ಉಕ್ಕಿನ ಮಾದರಿಗಳು 1790ರ ದಶಕದಲ್ಲಿ ಮುಂಬೈಯಿಂದ ಲಂಡನ್ನಿನ ರಾಯಲ್ ಸೊಸೈಟಿಗೆ ಹೋದವು. 1819ರ ಸುಮಾರಿಗೆ ಮೈಕೆಲ್ ಫ್ಯಾರಡೆ ಅದರ ಗುಟ್ಟು ತಿಳಿಯಲು ಹೊರಟು, ಅದು ಅಲ್ಯೂಮಿನಿಯಂನಿಂದ ಬಂದ ಗುಣವಿರಬಹುದೆಂದು ಭಾವಿಸಿದ. ಗುಟ್ಟು ಇಂಗಾಲದಲ್ಲಿತ್ತು. ಆದರೂ ಆ ಹುಡುಕಾಟದಲ್ಲೇ ಅವನು ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ಪರೀಕ್ಷಿಸಿದ, ಮಿಶ್ರಲೋಹದ ಉಕ್ಕಿನ ಅಧ್ಯಯನಕ್ಕೆ ದಾರಿಯಾಯಿತು. ಇಲ್ಲಿನ ಕುಲುಮೆಗಳನ್ನು ಮಾತ್ರ ಅಗ್ಗದ ಪರದೇಶಿ ಉಕ್ಕು ನಂದಿಸಿತು. 1856ರಲ್ಲಿ ಬೆಸೆಮರ್ ವಿಧಾನ ಬಂದ ಮೇಲೆ ಉಕ್ಕು ಟನ್ನುಗಟ್ಟಲೆ ಹರಿಯತೊಡಗಿತು. ಅಂಗೈಯಲ್ಲಿ ಹಿಡಿಯುವಷ್ಟು ಉಕ್ಕಿಗೆ ರಾಶಿ ಇದ್ದಿಲು ಸುಡುವ ಕಸುಬು ಅದರ ಮುಂದೆ ನಿಲ್ಲಲಾರದಾಯಿತು.

ಮಾಗಡಿ ರಸ್ತೆಯ ಉದ್ದಕ್ಕೂ ಈಗ ಹೊಲಗಳು ಸೈಟುಗಳಾಗುತ್ತಿವೆ. ಬುಲ್ಡೋಜರಿಗೆ ಕಿಟ್ಟದ ಗುಡ್ಡೆಯೂ ಒಂದೇ, ಮಣ್ಣಿನ ದಿಬ್ಬವೂ ಒಂದೇ. ತೂಕವಾಗಿ, ಕರ್ರಗೆ, ಹರಿದು ಹೆಪ್ಪುಗಟ್ಟಿದಂತೆ ಕಾಣುವ ಕಲ್ಲು ಪಾಯ ತೋಡುವಾಗ ಸಿಕ್ಕರೆ ಅದು ಕಿಟ್ಟವಿರಬಹುದು. ಒಂದು ಕಡೆ ಗಾಜು ಹೊಳಪಿರುವ ಕರಿ ಮಣ್ಣಿನ ಚೂರು ಜೊತೆಗಿದ್ದರೆ ಅಲ್ಲಿ ಉಕ್ಕು ಕರಗಿರುವ ಸಾಧ್ಯತೆಯಿದೆ. ಸಿಕ್ಕ ಜಾಗದಲ್ಲೇ ಅದರ ಫೋಟೊ ತೆಗೆದು, ರಾಜ್ಯ ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟರಿಗೋ ತಿಳಿಸಬೇಕು. ಜಾಗದಿಂದ ಎತ್ತಿಕೊಂಡು ಹೋದ ಚೂರು ತನ್ನ ಅರ್ಧ ಮಾಹಿತಿಯನ್ನು ಅಲ್ಲೇ ಬಿಟ್ಟಿರುತ್ತದೆ.

ಕೆಂಗೇರಿಯ ದಾರಿಯಾಗಿ ಹೋದರೆ ಸಿಗುವ ಚನ್ನಪಟ್ಟಣದಲ್ಲಿ ಬುಕನನ್ ಇನ್ನೊಂದು ಕಸುಬು ಕಂಡಿದ್ದ: ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವುದು. ಆ ತಂತಿ ಹಿಂದೂಸ್ತಾನದ ದೂರದ ಊರುಗಳಿಗೂ ಹೋಗುತ್ತಿತ್ತು. ಎಳೆಯುವಾಗ ಒಳಗೆ ಕಿಟ್ಟದ ಎಳೆಯೊಂದಿದ್ದರೆ ತಂತಿ ಅಲ್ಲಿಗೇ ತುಂಡಾಗಬಹುದು. ಬಡಿದು ಮಾಡಿದ ಕಬ್ಬಿಣಕ್ಕೆ ಅಷ್ಟು ಸಣ್ಣಗಾಗುವುದು ಕಷ್ಟ. ಒಮ್ಮೆ ಪೂರ್ತಿ ಕರಗಿ, ಕಿಟ್ಟ ಬಿಟ್ಟುಕೊಟ್ಟ ಲೋಹ ವೀಣೆಯ ಬಿಗಿತಕ್ಕೆ ಹೆಚ್ಚು ಚೆನ್ನಾಗಿ ತಾಳಿಕೊಳ್ಳುತ್ತದೆ.